ಮಾನಪ್ಪ ಹೊಸೆದ ತಂತಿ

ಮಾನಪ್ಪನ ಕೈಗಳಿಗೆ ಮಾನಪ್ಪನ ಅಪ್ಪಣೆ ಬೇಕಿರಲಿಲ್ಲ. ಎದುರಿಗೆ ಎರಡು ಎಳೆ ಬಿದ್ದಿದ್ದರೆ ಸಾಕು, ಅದು ಪುಂಡಿನಾರೇ ಆಗಲಿ, ಕುರಿಯ ಉಣ್ಣೆಯೇ ಆಗಲಿ, ಅವನು ಬೇರೆ ಏನೋ ಮಾತಾಡುತ್ತಿರುವಾಗಲೇ ಕೈ ಅದನ್ನು ಹೊಸೆದು ಹುರಿ ಮಾಡಿ ಮುಗಿಸಿರುತ್ತಿತ್ತು. ಗುರುಗುಂಟದ ಅವನ ಮನೆಯಲ್ಲಿ ಇದನ್ನು ಯಾರೂ ಚಾಳಿ ಎಂದುಕೊಂಡಿರಲಿಲ್ಲ. ಅಲ್ಲಿ ಎಲ್ಲರೂ ಹಾಗೆಯೇ. ಅಪ್ಪ ಕುರಿ ಕಾಯುತ್ತ ಹೊಸೆಯುತ್ತಿದ್ದ, ಅವ್ವ ರೊಟ್ಟಿ ಉಬ್ಬುವುದನ್ನು ಕಾಯುತ್ತ ಹೊಸೆಯುತ್ತಿದ್ದಳು. ಜಗಳವಾಡುವಾಗ ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದು ಕೂಡುತ್ತಿದ್ದರು. ಜಗಳ ಜೋರಾದಷ್ಟೂ ಹಗ್ಗ ಬಿಗಿಯಾಗುತ್ತಿತ್ತು. ಆ ಮನೆಯ ಹಗ್ಗಗಳು ಸುತ್ತಲಿನ ಊರುಗಳಲ್ಲಿ ಹೆಸರಾಗಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ಅಂಥ ಮನೆಯ ಮಗ ವಾಯರ್‌ಲೆಸ್ಸಿನ ಕೆಲಸಕ್ಕೆ ಸೇರಿದ್ದು ಹೀಗೆ. ಕುರಿ ಕಾಯುವುದು ಅವನಿಗೆ ಒಗ್ಗಲಿಲ್ಲ. ಕುರಿಗಳಿಗೂ ಅವನು ಒಗ್ಗಲಿಲ್ಲ. ನಿಜಾಮರ ರಾಜ್ಯ ಮುಗಿದು ದಂಡು ಬಂದ ನಲವತ್ತೆಂಟರಲ್ಲಿ, ಸಿಪಾಯಿಗಳು ಲಿಂಗಸುಗೂರಿನ ದಾರಿಯುದ್ದಕ್ಕೂ ಟೆಲಿಫೋನ್ ತಂತಿ ಎಳೆಯುವಾಗ, ಮೀಸೆ ಮೂಡದ ಮಾನಪ್ಪ ಅವರ ತಂತಿಯ ಉರುಳೆಯನ್ನು ಒಂದು ಹರದಾರಿ ಹೊತ್ತಿದ್ದ. ಊರಿಗೆ ಮರಳಿ ಬಂದು ‘ದಂಡಿನ್ಯಾಗ ಇದ್ದೆ’ ಎಂದ. ಎಷ್ಟು ಹೊತ್ತು ಎಂದು ಯಾರೂ ಕೇಳದಿದ್ದುದರಿಂದ ಅದು ಸುಳ್ಳೆನಿಸಿಕೊಳ್ಳಲಿಲ್ಲ. ಮುಂದೆ ಮುದಗಲ್ಲಿನ ಅಂಗಡಿಯೊಂದರಲ್ಲಿ ಚೀಲ ಹೊತ್ತ, ಹತ್ತಿ ಗಿರಣಿಯಲ್ಲಿ ಅರಳೆಯ ಧೂಳು ಕುಡಿದು ಕೆಮ್ಮಿದ, ಕೊನೆಗೆ ಐವತ್ಮೂರರಲ್ಲಿ ಲಿಂಗಸುಗೂರಿನ ಬಸವಂತರಾಯರ ಮನೆಯ ಅಂಗಳದಲ್ಲಿ ಕೆಲಸ ಕೇಳಿಕೊಂಡು ನಿಂತ.

“ಏನು ಬಲ್ಲಿ?” ಎಂದರು ಬಸವಂತರಾಯರು.

“ತಂತಿ ಕೆಲಸ ಬಲ್ಲೆ ರೀ ಧಣೇರ. ದಂಡಿನ್ಯಾಗ ಇದ್ದೆ.”

ಬೇರೆ ಯಾವ ಜಮೀನುದಾರರಾಗಿದ್ದರೂ ನಕ್ಕು ಸಗಣಿ ಬಾಚಲು ಹಚ್ಚುತ್ತಿದ್ದರು. ಬಸವಂತರಾಯರ ಕಣ್ಣು ಹೊಳೆಯಿತು. ಅವರು ಹೈದರಾಬಾದಿನಲ್ಲಿ ಬಿ.ಎಸ್ಸಿ. ಓದಿ, ತಂದೆ ತೀರಿಕೊಂಡ ಮೇಲೆ ಹೊಲ ನೋಡಲೆಂದು ಊರಿಗೆ ಬಂದವರು. ಬಂದು ನೋಡುತ್ತಿದ್ದದ್ದು ಮಾತ್ರ ಆಕಾಶವನ್ನು. ಸಿಕಂದರಾಬಾದಿನ ಗುಜರಿಯಲ್ಲಿ ದಂಡಿನವರು ಮಾರಿದ ಹಳೆಯ ವಾಯರ್‌ಲೆಸ್ ಸೆಟ್ಟೊಂದನ್ನು ಕೊಂಡು, ಪರೀಕ್ಷೆ ಬರೆದು, ಸರಕಾರದಿಂದ ಹವ್ಯಾಸಿ ರೇಡಿಯೊದ ಪರವಾನಗಿ ತಂದಿದ್ದರು. ಅಂದರೆ, ಪಗಾರವಿಲ್ಲದೆ, ಯಾರೂ ಹೇಳದೆ, ತಮ್ಮ ಮನೆಯಿಂದ ತಾವೇ ಗಾಳಿಯಲ್ಲಿ ಮಾತಾಡುವ ಹಕ್ಕು. ಅವರಂಥವನೇ ಇನ್ನೊಬ್ಬ ಸಿಂಧನೂರಿನಲ್ಲಿದ್ದ: ರಹಿಮಾನ್ ಸಾಬ್. ಬರ್ಮಾದ ಲಡಾಯಿಯಲ್ಲಿ ಸಿಗ್ನಲ್ ಹವಾಲ್ದಾರನಾಗಿದ್ದು, ಈಗ ಗಡಿಯಾರ ದುರಸ್ತಿಯ ಅಂಗಡಿ ಇಟ್ಟುಕೊಂಡವನು. ಇವರಿಬ್ಬರೂ ಪ್ರತಿ ಆದಿತ್ಯವಾರ ಇಳಿಹೊತ್ತಿನಲ್ಲಿ ಮಾತಾಡಬೇಕೆಂದು ಗೊತ್ತು ಮಾಡಿಕೊಂಡಿದ್ದರು.

ಅಡ್ಡಿ ಬಂದದ್ದು ಬಸವಂತರಾಯರ ತಾಯಿ ವೀರಭದ್ರಮ್ಮನವರಿಂದ.

“ಆಕಾಶದ ಸಿಡ್ಲು ಕರಿಯೋ ಕಂಬಾನ ಮನಿ ಮ್ಯಾಲ ನೆಟ್ರ, ನಾ ಮಸ್ಕಿಗೆ ತಂಗಿ ಮನಿಗೆ ಹೋಗಿಬಿಡ್ತೀನಿ ನೋಡು,” ಎಂದರು ಅವರು. ಹೋಗುವವರಲ್ಲ, ಆದರೆ ಹೋದರೆ ಅಡುಗೆ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಬಿ.ಎಸ್ಸಿ.ಯಲ್ಲಿ ಉತ್ತರವಿರಲಿಲ್ಲ. ಹೀಗಾಗಿ ಮಾತನ್ನು ಗಾಳಿಗೆ ಬಿಡುವ ಏರಿಯಲ್ ತಂತಿಯ ಕಂಬಗಳು ಹಿತ್ತಲು ದಾಟಿ, ಬಣವೆ ದಾಟಿ, ಕಣದಾಚೆಯ ದಿಬ್ಬದ ಮೇಲೆ ನಿಂತವು. ಸೆಟ್ಟು ಮಾಳಿಗೆಯ ಕೋಣೆಯಲ್ಲಿ. ನಡುವೆ ಉದ್ದಕ್ಕೂ ಜೋಡಿ ತಂತಿ: ಕೋಣೆಯ ಕಿಟಕಿಯಿಂದ ಹೊರಟು, ದನಗಳ ಬಾಗಿಲಿನ ಮೇಲಿಂದ ಹಾದು, ದಿಬ್ಬ ಮುಟ್ಟಬೇಕು.

ಮಾನಪ್ಪನ ಕೆಲಸ ಆ ಜೋಡಿ ತಂತಿ. ರಬ್ಬರಿನ ಹೊದಿಕೆಯ ಎರಡು ತಂತಿಗಳು. ನಡುವೆ ಗೇಣಿಗೊಂದು ಅಡ್ಡಕಡ್ಡಿ, ಕರಗಿಸಿದ ಮೇಣದಲ್ಲಿ ಕುದಿಸಿ ತೆಗೆದದ್ದು. ತಂತಿಗಳ ನಡುವಿನ ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ ಇರಬೇಕು. ಯಾಕೆ ಒಂದೇ ಇರಬೇಕು ಎಂದು ಮಾನಪ್ಪ ಕೇಳಿದ. ಅದು ಅವನ ಬದುಕಿನ ದೊಡ್ಡ ತಪ್ಪುಗಳಲ್ಲೊಂದು. ಬಸವಂತರಾಯರಿಗೆ ಅಂಥ ಪ್ರಶ್ನೆ ಕೇಳುವವರು ಇಡೀ ತಾಲೂಕಿನಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಅವನನ್ನು ಕೈಹಿಡಿದು ಬಾವಿಕಟ್ಟೆಗೆ ಕರೆದೊಯ್ದರು. ಒಂದು ತೆಳು ಹಗ್ಗಕ್ಕೆ ದಪ್ಪ ಹಗ್ಗ ಗಂಟುಹಾಕಿ, ದಪ್ಪದ ತುದಿಯನ್ನು ಬೇವಿನ ಮರಕ್ಕೆ ಬಿಗಿದು, ತೆಳುವಿನ ತುದಿಯನ್ನು ಮಾನಪ್ಪನ ಕೈಗೆ ಕೊಟ್ಟರು.

“ಒಮ್ಮೆ ಜಾಡಿಸು.”

ಜಾಡಿಸಿದ. ಹಗ್ಗದ ಮೇಲೊಂದು ಗೂನು ಎದ್ದು ಓಡಿತು. ಗಂಟಿನ ಹತ್ತಿರ ಬಂದದ್ದೇ ಅರ್ಧ ಮುಂದೆ ಹೋಯಿತು, ಅರ್ಧ ತಲೆಕೆಳಗಾಗಿ ಹಿಂದೆ ಬಂತು.

“ನೋಡಿದೇನು? ಹಗ್ಗ ಒಂದs ತರ ಇರೋತನಕ ಆ ಗೂನು, ಆ ಅಲಿ, ಯಾರನ್ನೂ ಕೇಳದs ಹೋಗತೈತಿ. ತರ ಬದಲಾತಂದ್ರ ಬೆದರತೈತಿ. ತೆಳುವಿಂದ ದಪ್ಪಕ್ಕ ಬಂದ್ರ ತಲಿಕೆಳಗಾಗಿ ತಿರಗತೈತಿ, ದಪ್ಪದಿಂದ ತೆಳುವಿಗೆ ಬಂದ್ರ ನೆಟ್ಟಗs ತಿರಗತೈತಿ. ತಂತಿಗೂ ಹಂಗs ಒಂದು ಮರ್ಜಿ ಐತಿ, ಅದಕ್ಕ ಇಂಪೀಡೆನ್ಸ್ ಅಂತಾರ. ಎರಡು ತಂತಿ ದೂರ ಇದ್ರ ಮರ್ಜಿ ಜಾಸ್ತಿ, ಸಮೀಪ ಬಂದ್ರ ಕಡಿಮಿ. ನಡುವ ಎಲ್ಲೂ ಮರ್ಜಿ ಬದಲಾಗಬಾರದು.”

“ತಿಳೀತು ರೀ,” ಎಂದ ಮಾನಪ್ಪ. ಹಗ್ಗ ಜಾಡಿಸುವುದು ಮಜವಾಗಿದೆ ಎಂಬುದು ತಿಳಿದಿತ್ತು. ಉಳಿದದ್ದು ದಪ್ಪ ಹಗ್ಗಕ್ಕೆ ಬಂದ ಅಲೆಯಂತೆ ಬಾಗಿಲಲ್ಲೇ ತಿರುಗಿ ಹೋಗಿತ್ತು. ಮುಂದೆ ಕೆಲವು ವಾರ ಮನೆಯ ಕಣ್ಣಿ ಹಗ್ಗಗಳೆಲ್ಲ ಜಾಡಿಸಿಕೊಂಡವು; ಎಮ್ಮೆಯೊಂದು ಹಾಲು ಕೊಡುವುದನ್ನೇ ನಿಲ್ಲಿಸಿತು.

ಕೆಲಸವಂತೂ ಚೆನ್ನಾಗಿ ನಡೆಯಿತು. ಐವತ್ನಾಲ್ಕರ ಚಳಿಗಾಲಕ್ಕೆ ತಂತಿ ದಿಬ್ಬ ಮುಟ್ಟಿತು, ಸಿಂಧನೂರಿನ ರಹಿಮಾನ್ ಸಾಬ್ ಮಾತಾಡಿದ. ಧ್ವನಿ ತೊಡೆಗೆ ತೊಡೆ ತಾಗಿಸಿ ಕೂತವನಂತೆ ಸ್ಪಷ್ಟವಾಗಿತ್ತು. ಅವತ್ತಿನಿಂದ ಮಾನಪ್ಪ ನಡೆಯುವ ರೀತಿಯೇ ಬದಲಾಯಿತು. ಕಿವಿಯ ಮೇಲೆ ಒಂದು ಸಣ್ಣ ಇಕ್ಕಳ ಸಿಕ್ಕಿಸಿಕೊಂಡು ಪೇಟೆಗೆ ಹೋಗತೊಡಗಿದ. ಅದರಿಂದ ಕಿವಿ ನೋಯುತ್ತಿತ್ತು, ಆದರೆ ಮಾನ ಹೆಚ್ಚುತ್ತಿತ್ತು.

ಆ ಮಾನದ ಭರದಲ್ಲೇ ಅವನು ತಾಯಿಯನ್ನು ಕರೆದುಕೊಂಡು ಮಸ್ಕಿಗೆ ಹೆಣ್ಣು ಕೇಳಲು ಹೋದ.

ಹೆಣ್ಣು ಪಾರ್ವತೆಮ್ಮ. ಅವಳ ಅಪ್ಪ ಮಾಳಿಂಗಪ್ಪ ಕುರಿ ಸಾಕಿದವನು, ಮಾತು ಕಡಿಮೆ. ಆ ಕೊರತೆಯನ್ನು ಅವ್ವ ಗದ್ದೆಮ್ಮ ತುಂಬಿಸಿ ಹೊರಗೆ ಚೆಲ್ಲುವಷ್ಟು ಮಾತಾಡುತ್ತಿದ್ದಳು. ಕೂತು ನೀರು ಕುಡಿಯುವುದರೊಳಗೆ ವಿಚಾರಣೆ ಶುರುವಾಯಿತು.

“ಏನು ಕೆಲಸ ಮಾಡ್ತೀಯಪಾ?”

“ವಾಯರ್‌ಲೆಸ್ನ್ಯಾಗ ಅದೀನಿ ರೀ. ಅಂದ್ರ ತಂತಿ ಇಲ್ಲದ ಕೆಲಸ.”

“ಅದ್ರಾಗ ಏನು ಮಾಡ್ತಾರ?”

“ನಮ್ಮ ಧಣೇರು ಇಲ್ಲಿಂದ ‘ಕೇಳಸ್ತೈತೇನು’ ಅಂತಾರ್ರೀ. ಸಿಂಧನೂರಾಗ ಸಾಬರು ‘ಕೇಳಸ್ತೈತಿ’ ಅಂತಾರ.”

“ಕೇಳಿಸಿದ ಮ್ಯಾಲ?”

ಮಾನಪ್ಪ ಯೋಚಿಸಿದ. “ಎಷ್ಟು ಚಲೋ ಕೇಳಸ್ತೈತಿ ಅಂತ ಹೇಳ್ತಾರ್ರೀ.”

ಒಳಗಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಗದ್ದೆಮ್ಮ ನಗಲಿಲ್ಲ. “ಸಿಂಧನೂರ ಕಡೆ ಕೆನಾಲ್ ಕೆಲಸದ ಮ್ಯಾಲೆ ಇರೋ ಹುಡುಗನೊಬ್ಬ ನಮ್ಮ ಹುಡುಗಿನ್ನ ಕೇಳ್ಯಾನ. ಖಾಕಿ ಚೊಣ್ಣ ಹಾಕ್ತಾನ, ಛತ್ರಿ ಹಿಡೀತಾನ. ಆ ಕೆಲಸ ಕಣ್ಣಿಗೆ ಕಾಣತೈತಿ, ನೀರೂ ಬರತೈತಿ. ನಿನ್ನ ಕೆಲಸ ಗಾಳಿ. ನಾವು ಬರೋ ಆದಿತ್ಯವಾರ ನಿಮ್ಮ ಧಣೇರ ಮನಿಗೆ ಬರ್ತೀವಿ. ಆ ಸಿಂಧನೂರ ಮಾತು ನನ್ನ ಕಿವಿಲೆ ಕೇಳಿದ್ರ ಹುಡುಗಿ ನಿನಗ. ಇಲ್ಲಂದ್ರ ಛತ್ರಿಗೆ.”

ಅಷ್ಟರಲ್ಲಿ ಪಾರ್ವತೆಮ್ಮ ಚಹಾ ತಂದಿಟ್ಟಳು. ಮಾನಪ್ಪ ತಲೆ ತಗ್ಗಿಸಿ ಕೂತಿದ್ದ. ಅವಳು ಬಗ್ಗಿ ನೋಡಿದವಳು, “ಇನ್ನೂ ನಿಮ್ಮ ಮಾವಾರ ಕಂಬಳಿ ಅಲ್ರಿ ಅದು, ನಮ್ಮಪ್ಪಂದು. ಬಿಟ್ರ ಹೊಚಗೊಳ್ಳಾಕ ಆಗತೈತಿ,” ಎಂದು ಒಳಗೆ ಓಡಿದಳು. ಮಾನಪ್ಪ ಕೆಳಗೆ ನೋಡಿದ. ಪಕ್ಕದಲ್ಲಿದ್ದ ಮಾಳಿಂಗಪ್ಪನ ಕಂಬಳಿಯ ಅಂಚಿನ ಎಳೆಗಳೆಲ್ಲ ಅಚ್ಚುಕಟ್ಟಾದ ಸಣ್ಣ ಸಣ್ಣ ಹುರಿಗಳಾಗಿ ಅವನ ಬೆರಳಿನಲ್ಲಿದ್ದವು. ಮಾಳಿಂಗಪ್ಪ ಅವನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದ. ಪಾರ್ವತೆಮ್ಮನ ಆ ಒಂದು ಮಾತಿಗೆ, ಆ ಓಟಕ್ಕೆ, ಮಾನಪ್ಪ ಲಿಂಗಸುಗೂರಿನವರೆಗೂ ಬಸ್ಸಿನಲ್ಲಿ ಕೂತಿದ್ದನೋ ಬಸ್ಸಿನ ಮೇಲೆ ತೇಲುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಛತ್ರಿಯವನನ್ನು ನೆನೆದಾಗ ಮಾತ್ರ ಕೂತಲ್ಲೇ ಕೂತ.

ಶನಿವಾರ ಬಸವಂತರಾಯರು ಕೋರ್ಟಿನ ಕೆಲಸಕ್ಕೆ ರಾಯಚೂರಿಗೆ ಹೋದರು; ನಾಳೆ ಮಧ್ಯಾಹ್ನ ಬರುವವರು. ಅವತ್ತೇ ಜೋಳದ ಕಣಿಕೆ ಹೇರಿದ ಬಂಡಿಯೊಂದು ದನಗಳ ಬಾಗಿಲಲ್ಲಿ ನುಗ್ಗಿ, ಮೇಲಿನ ತಂತಿಯನ್ನು ತನ್ನ ಹೊರೆಗೆ ಸಿಕ್ಕಿಸಿಕೊಂಡು ಎಳೆಯಿತು. ತಂತಿ ಹರಿಯಲಿಲ್ಲ. ಅಡ್ಡಕಡ್ಡಿಗಳು ಕೆಲವು ಮುರಿದವು, ಕೆಲವು ಕಳಚಿ ಜೋತಾಡಿದವು. ಎರಡು ತಂತಿಗಳು ಒಂದು ಮೇಲೆ ಒಂದು ಕೆಳಗೆ ಸಡಿಲಾಗಿ ನೇತುಬಿದ್ದವು.

ಮಾನಪ್ಪ ಕೆಳಗೆ ನಿಂತು ನೋಡಿದ. ನಾಳೆ ಮಸ್ಕಿಯ ಬಂಡಿ ಇದೇ ಬಾಗಿಲಿನಿಂದ ಒಳಗೆ ಬರಬೇಕು. ಅವನ ಜನರಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಮೊದಲು ನೋಡುವುದು ಮಾಡನ್ನಲ್ಲ, ಮಡಕೆಯನ್ನಲ್ಲ. ದನ ಕಟ್ಟಿದ ಹಗ್ಗವನ್ನು. ಹುರಿ ಬಿಗಿಯಾಗಿದೆಯೋ, ಗಂಟು ನೆಟ್ಟಗಿದೆಯೋ, ಅದರಲ್ಲೇ ಹುಡುಗನ ಕೈ ತಿಳಿಯುತ್ತದೆ. ಅಂಥವರ ತಲೆಯ ಮೇಲೆ, ಸತ್ತ ಹಾವಿನ ಎಲುಬಿನಂತೆ, ಎರಡು ಸಡಿಲ ಎಳೆಗಳು! ನೋಡಿದವರು ಏನೆಂದಾರು?

ತಲೆ ಇನ್ನೂ ಯೋಚಿಸುತ್ತಿತ್ತು. ಕೈ ಏಣಿ ಹಾಕಿಯಾಗಿತ್ತು.

ಬಾಗಿಲಿನ ಗೋಡೆಯ ಮೇಲೆ ಕೂತು, ಉಳಿದ ಅಡ್ಡಕಡ್ಡಿಗಳನ್ನೂ ಕಿತ್ತು, ಎರಡು ತಂತಿಗಳನ್ನು ಸೇರಿಸಿ ನಾಲ್ಕು ಮಾರು ಉದ್ದಕ್ಕೆ ಹುರಿ ಹಾಕಿದ. ಎಂಥ ಹುರಿ! ಅಪ್ಪ ಅವ್ವ ಜಗಳವಾಡಿ ಹೊಸೆದ ಹಗ್ಗಕ್ಕೂ ಆ ಬಿಗಿ ಇರಲಿಲ್ಲ. ಕಿತ್ತ ಕಡ್ಡಿಗಳನ್ನು ಒಲೆಗೆ ಹಾಕಿ, ಆ ಬೆಂಕಿಯಲ್ಲೇ ಉಳಿದ ಮೇಣ ಕಾಸಿ, ಹುರಿ ಬಿಚ್ಚದಂತೆ ಉದ್ದಕ್ಕೂ ಸವರಿದ. ತಂತಿ ಬಾಗಿಲಿನ ಮೇಲೆ ಎಣ್ಣೆ ಹಚ್ಚಿದ ಜಡೆಯಂತೆ ಮಿರಮಿರ ಮಿಂಚಿತು. ಬಾವಿಕಟ್ಟೆಯ ಪಾಠ ಅವನಿಗೆ ನೆನಪಾಗಲೇ ಇಲ್ಲ. ನೆನಪಾಗಿದ್ದರೂ, ನಾಲ್ಕು ಮಾರಿಗೆ ಯಾವ ಅಲೆ ಬೆದರೀತು ಎಂದುಕೊಳ್ಳುತ್ತಿದ್ದ.

ಆದಿತ್ಯವಾರ ಮಧ್ಯಾಹ್ನ ಬಸವಂತರಾಯರು ಮುಂಬಾಗಿಲಿನಿಂದ ಬಂದು ನೇರವಾಗಿ ಮಾಳಿಗೆ ಹತ್ತಿದರು. ಮಸ್ಕಿಯ ಬಂಡಿ ದನಗಳ ಬಾಗಿಲಿನಿಂದ ಬಂತು. ಮಾಳಿಂಗಪ್ಪ ಇಳಿದವನೇ ತಲೆ ಎತ್ತಿ ನೋಡಿ ಅಲ್ಲೇ ನಿಂತ. ಗದ್ದೆಮ್ಮ ಮಾತ್ರ, “ತಂತಿ ಇಲ್ಲದ ಕೆಲಸ ಅಂದಿ, ಮನಿ ತುಂಬ ತಂತೀನs ಐತಲ್ಲಪಾ,” ಎನ್ನುತ್ತ ಮೆಟ್ಟಿಲೇರಿದಳು. ವೀರಭದ್ರಮ್ಮನವರು ಮಂಡಾಳು, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಕೊಟ್ಟರು. ಎಲ್ಲರಿಗೂ ಕೇಳಲೆಂದು ಬಸವಂತರಾಯರು ಲೌಡ್‌ಸ್ಪೀಕರನ್ನು ಕಿಟಕಿಯಲ್ಲಿಟ್ಟರು. ರಹಿಮಾನ್ ಸಾಬ್ ಸಂಜೆಗೆ ಮುಂಚಿನ ಅಸರ್ ನಮಾಜಿಗೆ ಏಳುವವರೆಗೆ ಮಾತ್ರ ಸೆಟ್ಟಿನ ಮುಂದಿರುತ್ತಾನೆ. ಆಮೇಲೆ ಅವನ ಬ್ಯಾಟರಿ ಚಾರ್ಜಿಗೆಂದು ಹಿಟ್ಟಿನ ಗಿರಣಿಗೆ ಹೋಗುತ್ತದೆ, ಅವನು ಮಸೀದಿಗೆ.

ಬಸವಂತರಾಯರು ಮೈಕು ಹಿಡಿದು ಕರೆದರು. ಸ್ಪೀಕರಿನಲ್ಲಿ ಕೊಡದೊಳಗಿನ ಗುಂಗಾಡಿನಂತೆ ಏನೋ ಗುಂಯ್‌ಗುಟ್ಟಿತು. ಮತ್ತೆ ಕರೆದರು. ಸೆಟ್ಟಿನ ದೊಡ್ಡ ವಾಲ್ವೆಂಬ ಗಾಜಿನ ಬುರುಡೆಯೊಳಗಿನ ತಗಡು ಒಲೆಯ ಕೆಂಡದಂತೆ ಕೆಂಪಾಯಿತು. ಗುಂಗಾಡಿನ ನಡುವೆ “...ಕುಚ್ ನಹೀ... ಬಸವಂತರಾವ್ ಸಾಬ್... ಕಹಾಂ...” ಎಂದಷ್ಟು ಕೇಳಿ, ಅದೂ ಮುಳುಗಿತು.

“ಇದೇನು ಸಿಂಧನೂರು?” ಎಂದಳು ಗದ್ದೆಮ್ಮ. “ಇಂಥಾ ಆವಾಜು ನಮ್ಮ ಗುಡಾಣದಾಗೂ ಬರತೈತಿ.”

 ಛತ್ರಿಯೊಂದು ಮಾನಪ್ಪನ ಕಣ್ಣಮುಂದೆ ನಿಧಾನವಾಗಿ ಬಿಚ್ಚಿಕೊಂಡಿತು.

ಬಸವಂತರಾಯರು ಗಾಬರಿಯಾಗಲಿಲ್ಲ, ಅವರಿಗೆ ಸೆಟ್ಟು ಮಾತಾಡುವಾಗಿಗಿಂತ ಕೆಟ್ಟಾಗಲೇ ಹೆಚ್ಚು ಉತ್ಸಾಹ. “ಹೋದದ್ದು ತಿರುಗಿ ಬರಾಕತ್ತೈತಿ. ತಂತಿಯಾಗ ಎಲ್ಲೋ ಮರ್ಜಿ ಕೆಟ್ಟೈತಿ,” ಎಂದು, ಬ್ಯಾಟರಿಯ ಸಣ್ಣ ಬಲ್ಬೊಂದನ್ನು ತಂತಿಯ ಬಳೆಗೆ ಸಿಕ್ಕಿಸಿಕೊಂಡು ಕೆಳಗಿಳಿದರು. ಉದ್ದನೆಯ ಬಿದಿರಿನ ತುದಿಗೆ ಬಲ್ಬು ಕಟ್ಟಿ ತಂತಿಯ ಹತ್ತಿರ ಹಿಡಿದರೆ, ತಂತಿಯಲ್ಲಿರುವ ಅಲೆಯಿಂದಲೇ ಅದು ಹತ್ತಿಕೊಳ್ಳುತ್ತದೆ. ತಂತಿ ಸರಿಯಿದ್ದರೆ ಉದ್ದಕ್ಕೂ ಒಂದೇ ಬೆಳಕು. ಆದರೆ ಬಿಸಿಲಿನಲ್ಲಿ ಬಲ್ಬಿನ ಬೆಳಕು ಕಾಣಬೇಕಲ್ಲ?

ಮಾಳಿಂಗಪ್ಪ ಮೊದಲ ಸಲ ಬಾಯಿ ತೆರೆದ. “ಕಂಬಳಿ ಐತಿ.”

ಹೀಗೆ ಆ ಮೆರವಣಿಗೆ ಹೊರಟಿತು. ಬಿದಿರು ಹಿಡಿದ ಬಸವಂತರಾಯರು. ಬಲ್ಬಿಗೆ ನೆರಳಾಗುವಂತೆ ಇನ್ನೆರಡು ಕೋಲಿನ ಮೇಲೆ ಕಂಬಳಿ ಎತ್ತಿ ಹಿಡಿದ ಮಾಳಿಂಗಪ್ಪ ಮತ್ತು ಮಾನಪ್ಪ. ಹಿಂದೆ ತಟ್ಟೆ ಹಿಡಿದು ಮಂಡಾಳು ಮೆಲ್ಲುತ್ತ ಗದ್ದೆಮ್ಮ. ಮಾಳಿಗೆಯ ಕಿಟಕಿಯಲ್ಲಿ ವೀರಭದ್ರಮ್ಮನವರು, ಮಗ ಹೇಳಿದಾಗಲೆಲ್ಲ ಸೆಟ್ಟಿನ ಗುಂಡಿ ಒತ್ತಲು, ಶಿವ ಶಿವಾ ಎನ್ನುತ್ತ ಕೂತಿದ್ದರು.

ಬಲ್ಬು ಹತ್ತಿತು. ಎರಡು ಮಾರು ನಡೆದರು, ಮಂಕಾಯಿತು. ಇನ್ನೆರಡು ಮಾರು, ಆರಿಯೇ ಹೋಯಿತು. ಮತ್ತೆ ಮುಂದೆ ಝಗ್ಗನೆ ಹತ್ತಿತು.

“ಅಯ್ಯ! ತಂತಿಯೊಳಗ ಯಾರೋ ದೀಪ ಹಚ್ಚಿ ಆರಿಸಾಕತ್ತಾರ,” ಎಂದಳು ಗದ್ದೆಮ್ಮ.

“ಹೋಗೋದು, ತಿರುಗಿ ಬರೋದು ಎರಡೂ ಕೂಡಿದಲ್ಲಿ ಹತ್ತತೈತಿ ರೀ ತಾಯಿ, ಒಂದನ್ನೊಂದು ಹೊಡದಲ್ಲಿ ಆರತೈತಿ,” ಎಂದರು ಬಸವಂತರಾಯರು ಸಂತೋಷದಿಂದ. ಬೆಳಕು ಕತ್ತಲೆ ಎಣಿಸುತ್ತ ದನಗಳ ಬಾಗಿಲಿಗೆ ಬಂದರು. ಅದನ್ನು ದಾಟಿ ಬಣವೆಯ ಕಡೆ ಹೋದರೆ ಬಲ್ಬು ಮಂಕಾಗಿ, ಆದರೆ ಉದ್ದಕ್ಕೂ ಒಂದೇ ಸಮ ಉರಿಯಿತು. ಮರಳಿ ಬಾಗಿಲಿಗೆ ಬಂದರು. ತಲೆ ಎತ್ತಿದರು. ಜಡೆ ಮಿಂಚುತ್ತಿತ್ತು.

“ಇದು... ಇದನ್ನ ಯಾರು ಮಾಡ್ಯಾರ?” ಅವರ ಧ್ವನಿ ಸಣ್ಣದಾಗಿತ್ತು, ಅದೇ ಭಯ ಹುಟ್ಟಿಸುವಂತಿತ್ತು.

ಅದೇ ಗಳಿಗೆಗೆ ಪಕ್ಕದಲ್ಲಿ ಮಾಳಿಂಗಪ್ಪನೂ ತಲೆ ಎತ್ತಿ, ಬಂದಾಗಿನಿಂದ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಹೊರಹಾಕಿದ: “ನಾನೂ ಕೇಳಬೇಕಂತಿದ್ದೆ ರೀ. ಯಾರು ಹೊಸದಾರ ಇದನ್ನ? ಇಂಥಾ ಹುರಿ ನಾ ಈ ಸೀಮಿನ್ಯಾಗ ನೋಡಿಲ್ಲ. ಭೇಷ್ ಕೈ.”

ಮಾನಪ್ಪ ಇಬ್ಬರ ನಡುವೆ ಕಂಬಳಿಯ ಕೋಲು ಕೆಳಗಿಳಿಸಿ ಹಿಡಿದು ನಿಂತಿದ್ದ. ನಾನು ಎಂದರೆ ಮಾವನಾಗುವವನು ಒಲಿಯುತ್ತಾನೆ, ಧಣಿ ಹೊರಗೆ ಹಾಕುತ್ತಾರೆ. ಕೆಲಸವಿಲ್ಲದವನಿಗೆ ಮಾವ ಎಲ್ಲಿಯವನು? ನಾನಲ್ಲ ಎಂದರೆ ಕೆಲಸ ಉಳಿಯುತ್ತದೆ, ಈ ಕೈಯ ಒಂದೇ ಒಂದು ಹೆಗ್ಗಳಿಕೆ ಯಾರೋ ಬಂಡಿ ಹೊಡೆಯುವವನ ಪಾಲಾಗುತ್ತದೆ. ಗದ್ದೆಮ್ಮ ಮಂಡಾಳು ಮೆಲ್ಲುವುದನ್ನು ನಿಲ್ಲಿಸಿದ್ದಳು. ಅವನು ತಲೆಯನ್ನು ಕೇಳಿದ. ತಲೆ ಇನ್ನೂ ಲೆಕ್ಕ ಹಾಕುತ್ತಿತ್ತು. ಕೆಳಗೆ ನೋಡಿದರೆ ಕೈಗಳು ಆಗಲೇ ಕಂಬಳಿಯ ಇನ್ನೊಂದು ಅಂಚನ್ನು ಹೊಸೆಯತೊಡಗಿದ್ದವು. ಇನ್ನು ನಾನಲ್ಲ ಎನ್ನುವುದು ಎಲ್ಲಿ ಬಂತು?

“ನಾನs ರೀ,” ಎಂದ, ಇಬ್ಬರಿಗೂ ಕೂಡಿಸಿ.

“ಲೇ ಹುಚ್ಚಪ್ಯಾಲಿ! ಬಾವಿಕಟ್ಟಿ ಮ್ಯಾಲ ನಿಂದ್ರಿಸಿ ಏನು ಹೇಳಿದ್ನೆಲೇ ನಿನಗ? ಬಿಚ್ಚಲೇ ಅದನ್ನ! ಅಡ್ಡಕಡ್ಡಿ ಎಲ್ಲಿ?”

“ಒಲಿಗೆ ಹಾಕೀನ್ರೀ.”

“ಒಲಿಗಾ?”

“ಮೇಣ ಕಾಸಾಕ ರೀ. ಹುರಿ ಬಿಚ್ಚಬಾರದಂತ ಮೇಣ ಹಚ್ಚೀನ್ರೀ. ಈಗ ಬಿಚ್ಚಿದ್ರ ರಬ್ಬರು ಕಿತ್ತು ಬರತೈತ್ರೀ.”

ಬಸವಂತರಾಯರು ನೆಲದ ಮೇಲೆ ಕುಕ್ಕರಿಸಿದರು. ಮೇಲಿನಿಂದ ವೀರಭದ್ರಮ್ಮನವರು ಕೂಗಿದರು: “ಬಸವಂತಾ, ಸಾಬರು ಏನೋ ಅನ್ನಾಕತ್ತಾರ! ನಮಾಜಿನ ಹೊತ್ತಾತು ಅಂತಾರೇನೋ!”

“ಎಷ್ಟು ಮಾರು ಹೊಸದೀ?” ಬಸವಂತರಾಯರು ತಲೆಯೆತ್ತದೆ ಕೇಳಿದರು.

“ನಾಕು ಮಾರು ರೀ.”

“ನಾಕು!” ಒಂದು ಇದ್ದಿಲು ತೆಗೆದುಕೊಂಡು ಬಾಗಿಲಿನ ಗೋಡೆಯ ಮೇಲೆ ಬರೆಯತೊಡಗಿದರು. “ರಬ್ಬರಿನೊಳಗ ಅಲಿ ನಿಧಾನ... ಅಂದ್ರ ನಾಕು ಮಾರಿಗೆ ಅಲಿದು ಸರಿಯಾಗಿ ಕಾಲು ಸುತ್ತು. ಮೂರು ಹೊಸದಿದ್ರ ಇಷ್ಟು ಕೆಡ್ತಿರಲಿಲ್ಲ, ಐದು ಹೊಸದಿದ್ರೂ ಕೆಡ್ತಿರಲಿಲ್ಲ. ಎಷ್ಟು ಹೊಸದ್ರ ಭಾಳ ಕೆಡತೈತೋ ಅಷ್ಟs ಹೊಸದಾನ ಈ ಪುಣ್ಯಾತ್ಮ!” ಇದ್ದಿಲು ಥಟ್ಟನೆ ನಿಂತಿತು. ಬರೆದದ್ದನ್ನು ನೋಡಿದರು. ಮುಖದ ಮೇಲೆ ಒಂದು ಕಳ್ಳ ನಗೆ ಮೂಡಿತು.

“ಮಾನಪ್ಪಾ. ಬಿಚ್ಚಬ್ಯಾಡ. ಇನ್ನೂ ನಾಕು ಮಾರು ಹೊಸಿ.”

“ಅಲ್ರೀ ಧಣೇರ,” ಎಂದಳು ಗದ್ದೆಮ್ಮ, “ಇಷ್ಟಕ್ಕs ಕೆಟ್ಟೈತಿ ಅಂತೀರಿ, ಇನ್ನಷ್ಟು ಕೆಡಿಸ್ತೀರೇನು?”

“ಕೇಳ್ರಿ ತಾಯಿ. ಹುರಿಗೆ ಎರಡು ಬಾಯಿ. ಈ ಬಾಯಾಗ ಒಂದು ಪಾಲು ಅಲಿ ತಲಿಕೆಳಗಾಗಿ ತಿರಗತೈತಿ, ಆ ಬಾಯಾಗ ಒಂದು ಪಾಲು ನೆಟ್ಟಗ ತಿರಗತೈತಿ. ಈಗ ಆ ನೆಟ್ಟಂದು ನಾಕು ಮಾರು ಹೋಗಿ ನಾಕು ಮಾರು ಬರೋದ್ರಾಗ ಅರ್ಧ ಸುತ್ತು ತಿರುಗಿ, ಅದೂ ತಲಿಕೆಳಗಾಗತೈತಿ. ಎರಡೂ ಕೈ ಕೂಡಿಸಿ ನನ್ನ ಸೆಟ್ಟಿನ ಮ್ಯಾಲ ಬರ್ತಾವ. ಎಂಟು ಮಾರು ಮಾಡಿದ್ರ? ಹೋಗಿ ಬರೋದ್ರಾಗ ಪೂರಾ ಒಂದು ಸುತ್ತು. ಆಗ ಅದು ನೆಟ್ಟಂದು ನೆಟ್ಟಗs ಬರತೈತಿ, ಇದು ತಲಿಕೆಳಗs ಇರತೈತಿ. ಒಂದನ್ನೊಂದು ಹೊಡದು ಎರಡೂ ಇಲ್ಲದಂಗ ಆಗ್ತಾವ.”

ಗದ್ದೆಮ್ಮ ಒಂದು ಹಿಡಿ ಮಂಡಾಳು ಬಾಯಿಗೆ ಹಾಕಿ ಯೋಚಿಸಿದಳು. “ನಮ್ಮ ಅತ್ತಿ, ನಮ್ಮ ನಾದಿನಿ ಇದ್ದಂಗ,” ಎಂದಳು. “ಇಬ್ರೂ ಕೂಡಿದ್ರ ನನ್ನ ಮ್ಯಾಲ ಬರ್ತಿದ್ರು. ಅವರs ಒಬ್ರಿಗೊಬ್ರು ಹತ್ತಿದ ದಿನ ನಾನು ಆರಾಮ ಉಂಡು ಮಲಗ್ತಿದ್ದೆ.”

“ಬರೋಬ್ಬರಿ!” ಎಂದರು ಬಸವಂತರಾಯರು. ಹೈದರಾಬಾದಿನ ಯಾವ ಪ್ರೊಫೆಸರನೂ ತಮ್ಮಿಂದ ಇಷ್ಟು ಬೇಗ ಏನನ್ನೂ ತಿಳಿದುಕೊಂಡಿರಲಿಲ್ಲ ಎಂಬ ಮುಖ ಮಾಡಿದರು. ಅಮ್ಮನಿಗೆ ಸೆಟ್ಟು ಬಂದ್ ಮಾಡಲು ಕೂಗಿ ಹೇಳಿದರು.

ಆಮೇಲೆ ನಡೆದದ್ದನ್ನು ಕೆಲಸ ಎನ್ನಬೇಕೋ ಆಟ ಎನ್ನಬೇಕೋ. ಏಣಿ ಒಂದೇ ಇತ್ತು. ಅದನ್ನು ಬಣವೆಯ ಕಡೆ ತಂತಿ ಹೊತ್ತ ಕಂಬಕ್ಕೆ ಒರಗಿಸಿಕೊಂಡು ಮಾಳಿಂಗಪ್ಪ ಹತ್ತಿದ. ಮಾನಪ್ಪ ಬಾಗಿಲಿನ ಗೋಡೆ ಹಿಡಿದು ಮೇಲೇರಿದ. ಮುಂದಿನ ನಾಲ್ಕು ಮಾರಿನ ಅಡ್ಡಕಡ್ಡಿ ಕಿತ್ತು, ಒಂದು ತುದಿಯಲ್ಲಿ ಒಬ್ಬ ಬಿಗಿ ಹಿಡಿದರೆ ಇನ್ನೊಬ್ಬ ಹುರಿ ಹಾಕುತ್ತ ಹೋದ. ಹಗ್ಗ ಹೊಸೆಯುವ ಇಬ್ಬರ ನಡುವೆ ಮಾತು ಬೇಕಾಗುವುದಿಲ್ಲ. ಕೈಯ ಎಳೆತವೇ ಮಾತು. ಆ ಕಡೆಯಿಂದ ಬರುವ ಎಳೆತದಲ್ಲಿ ಮಾನಪ್ಪನಿಗೆ ಪರೀಕ್ಷೆಯೂ ತಿಳಿಯುತ್ತಿತ್ತು. ಮುದುಕ ಬೇಕೆಂದೇ ಒಮ್ಮೆ ಸಡಿಲ ಬಿಟ್ಟ. ಮಾನಪ್ಪ ಹುರಿ ಜಾರಗೊಡಲಿಲ್ಲ. ಒಮ್ಮೆ ಜಗ್ಗಿದ, ಇವನು ಜಗ್ಗಿದಷ್ಟೇ ಬಿಟ್ಟುಕೊಟ್ಟ. ಕೊನೆಯ ಗಂಟಿಗೆ ಬಂದಾಗ ಮಾಳಿಂಗಪ್ಪ ‘ಹ್ಞೂಂ’ ಎಂದ. ಅದಕ್ಕಿಂತ ದೊಡ್ಡ ಭಾಷಣ ಅವನು ತನ್ನ ಮದುವೆಯಲ್ಲೂ ಮಾಡಿರಲಿಲ್ಲವಂತೆ.

ಬಸವಂತರಾಯರೂ ಗದ್ದೆಮ್ಮನೂ ಮಾಳಿಗೆಗೆ ಓಡಿದರು. ಮಾಳಿಂಗಪ್ಪ ಏಣಿಯಿಂದಿಳಿದು ಬಾಗಿಲ ಕೆಳಗೆ ಬಂದು ನಿಂತ. ಮಾನಪ್ಪ ಗೋಡೆಯ ಮೇಲೆಯೇ ಕಾಲು ಇಳಿಬಿಟ್ಟು ಕೂತ. ಕಿಟಕಿಯ ಸ್ಪೀಕರು ಕರಕರ ಎಂದಿತು. ಆಮೇಲೆ, ತೊಡೆಗೆ ತೊಡೆ ತಾಗಿಸಿ ಕೂತವನಂತೆ, ಸಿಂಧನೂರು ಮಾತಾಡಿತು:

“ಬಸವಂತರಾವ್ ಸಾಬ್, ಅಬ್ ಆಯೀ ಆವಾಜ್! ಖಣಖಣ ಕೇಳಾಕತ್ತೈತಿ. ಏನು ದುರಸ್ತಿ ಮಾಡಿದ್ರಿ? ಜಲ್ದಿ ಹೇಳ್ರಿ, ನಾ ಏಳಬೇಕು.”

ಮಾಳಿಗೆಯಲ್ಲಿ ಗದ್ದೆಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳಂತೆ. ಆಮೇಲೆ ಮೈಕಿನ ಕಡೆ ಕೈ ಚಾಚಿ, “ನಾನೊಂದು ಮಾತು ಹೇಳಬೇಕು,” ಎಂದಳಂತೆ. ಬಸವಂತರಾಯರು ಮೈಕು ಹಿಂದೆ ಹಿಡಿದರು.

“ಪರವಾನಗಿ ಇಲ್ರೀ ತಾಯಿ. ಮನಿ ಮಾತು, ವ್ಯಾಪಾರದ ಮಾತು ಗಾಳಿಯಾಗ ಆಡೋ ಹಾಂಗಿಲ್ಲ. ಸೆಟ್ಟಿಂದು, ತಂತಿದು ಮಾತ್ರ ಆಡಬೇಕು.”

“ತಂತಿದs ರೀ. ನೀವs ಹೇಳ್ರಿ ಹಂಗಾದ್ರ. ಆ ತಂತಿ ಹೊಸದಾಂವ ನಮ್ಮ ಅಳಿಯ ಅಂತ ಹೇಳ್ರಿ.”

ಬಸವಂತರಾಯರು ಕ್ಷಣ ಹೊತ್ತು ಸರಕಾರದ ನಿಯಮಗಳನ್ನು ಮನಸ್ಸಿನಲ್ಲಿ ತಿರುವಿದರು. ಹೊಸೆದದ್ದು ಹೌದು, ತಂತಿ ಹೌದು. ಹೊಸೆದವನು ಯಾರು ಎಂಬುದು ತಂತಿಯ ವಿಚಾರವೇ. ಮೈಕು ಬಾಯಿಗೆ ಹಿಡಿದು ಹೇಳಿಬಿಟ್ಟರು.

ಇದೊಂದೂ ಕೆಳಗೆ ಗೋಡೆಯ ಮೇಲಿದ್ದ ಮಾನಪ್ಪನಿಗೆ ಕೇಳಿರಲಿಲ್ಲ. ಕಿಟಕಿ ಅವನಿಂದ ಮೂವತ್ತು ಹೆಜ್ಜೆಯೂ ಇರಲಿಲ್ಲ. ಆದರೆ ಸ್ಪೀಕರಿನ ಕರಕರದಲ್ಲಿ ಒಳಗಿನ ಮಾತು ಮುಚ್ಚಿಹೋಗಿತ್ತು. ಆ ಮಾತು ಅವನ ತಲೆಯ ಮೇಲಿನ ಎಂಟು ಮಾರು ಹುರಿಯೊಳಗಿಂದಲೇ ಹಾದು, ದಿಬ್ಬ ಹತ್ತಿ, ಮಸ್ಕಿಯ ಗುಡ್ಡಗಳ ಮೇಲಿಂದ ಸಿಂಧನೂರಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು ಅವನ ಕಿವಿಗೆ ಬಿತ್ತು:

“ಮಾಶಾ ಅಲ್ಲಾ! ಮಾನಪ್ಪ ಮಸ್ಕಿ ಅಳಿಯ ಆದನೇನು? ಮುಬಾರಕ್ ಅಂತ ಹೇಳ್ರಿ. ಹುಡುಗಂದು ಕೈ ಮಜಬೂತ್ ಐತಿ. ನಾ ನಮಾಜಿಗೆ ಹೊಂಟೆ.”

ಸ್ಪೀಕರು ಸುಮ್ಮನಾಯಿತು. ಮಾನಪ್ಪ ಸಿಂಧನೂರಿನ ದಿಕ್ಕಿಗೆ ಒಮ್ಮೆ ನೋಡಿದ, ಕಿಟಕಿಯ ಕಡೆ ಒಮ್ಮೆ ನೋಡಿದ. ಕಿಟಕಿಯಲ್ಲಿ ಗದ್ದೆಮ್ಮ ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದಳು.

“ಇಳಿಯಪಾ,” ಎಂದ ಕೆಳಗಿನಿಂದ ಮಾಳಿಂಗಪ್ಪ. “ನಿಮ್ಮವ್ವಗ ಖಬರ್ ಕಳಸಬೇಕು.”

ಇಳಿಯಲು ಏಣಿ ಇರಲಿಲ್ಲ. ಅದು ಬಣವೆಯ ಹತ್ತಿರವೇ ಉಳಿದಿತ್ತು. ಹತ್ತುವಾಗ ಗೋಡೆಯನ್ನು ಹೇಗೆ ಹಿಡಿದಿದ್ದನೋ, ಈಗ ಕಾಲುಗಳಿಗೆ ಅದರ ನೆನಪಿರಲಿಲ್ಲ. ಮಾಳಿಂಗಪ್ಪ ಗೋಡೆಗೆ ಒತ್ತಿ ನಿಂತು ಹೆಗಲು ಕೊಟ್ಟ. “ಇಡು ಕಾಲು.”

ಮಾನಪ್ಪ ಕಾಲು ಇಳಿಸಿದವನು ಗಕ್ಕನೆ ಮೇಲೆಳೆದುಕೊಂಡ. ಅರ್ಧ ಗಳಿಗೆಯ ಹಿಂದಾಗಿದ್ದರೆ ಇಡಬಹುದಿತ್ತು; ಆಗ ಅದು ಬರಿಯ ಒಬ್ಬ ಮುದುಕನ ಹೆಗಲು. ಈಗ ಮಾವನ ಹೆಗಲು. ಅದರ ಮೇಲೆ ಅಳಿಯ ಕಾಲಿಡುವುದೆಂದರೇನು?

“ಇಡಲೇ, ಯಾಕ ನಾಚತಿ?”

“ಬ್ಯಾಡ್ರೀ ಮಾವಾ,” ಎಂದ ಮಾನಪ್ಪ, ಗೋಡೆಯ ಆ ಮಗ್ಗುಲಿಗೆ ತಿರುಗಿ, ಕಣ್ಣುಮುಚ್ಚಿ ಹಾರಿದ.

ಆ ಮಗ್ಗುಲಲ್ಲಿ ತಿಪ್ಪೆ ಇತ್ತು.